ಕಲೆಗೆ ಚಪ್ಪಾಳೆ, ಕಲಾವಿದನಿಗೆ ಮುಚ್ಚಿದ ಬಾಗಿಲು



ನಮ್ಮ ಒಂಟಿಕೊಪ್ಪಲಿನ ನೆರೆಯ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ಪಾಶ್ಚಾತ್ಯರನ್ನು ನಾವೆಲ್ಲ ಕಂಡಿದ್ದೇವೆ. ದಿವಂಗತ ಪಟ್ಟಾಭಿ ಜೋಯಿಸರ ಬೋಧನೆ ಅವರನ್ನು ಇಲ್ಲಿಗೆ ಸೆಳೆಯಿತು. ಅದೇ ಯೋಗವನ್ನು ಯಾರಾದರೂ ಮೂಲವನ್ನು ಮರೆಮಾಚಿ ಹೊರದೇಶಗಳಲ್ಲಿ ಮಾರಿದರೆ, ನಮ್ಮ ಸಂಸ್ಕೃತಿಯನ್ನು ಕದ್ದರೆಂದು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದುದೇ. ಆದರೆ ಅದೇ ನ್ಯಾಯವನ್ನು ನಾವು ಇತರರಿಗೆ ಸಲ್ಲಿಸುತ್ತಿದ್ದೇವೆಯೇ?

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ದಾಸರನ್ನಾಗಿ ಗೋವೆಗೆ ತಂದವರ ಸಂತತಿಯವರು ಇವರಲ್ಲಿ ಅನೇಕರು. ಹಿಂದೂಗಳು, ಮುಸಲ್ಮಾನರು ಇರುವಂತೆ ನಮ್ಮದೇ ಕಥೋಲಿಕ ಕುಟುಂಬಗಳೂ ಅವರಲ್ಲಿವೆ. ಅವರ ಡಮಾಮಿ ಕುಣಿತ ಉತ್ಸವಗಳ ವೇದಿಕೆಗೆ ಬೇಕು. ಅವರ ಹೆಂಗಸರು ಹೊಲಿದ ಕೌದಿಗಳು ವಿದೇಶದ ಕಲಾಮಂದಿರಗಳಲ್ಲೂ ಪ್ರದರ್ಶನಗೊಂಡಿವೆ. ಆದರೆ ವೇದಿಕೆಯಿಂದ ಇಳಿದು ಬಸ್ಸು ಹತ್ತಿದ ಅದೇ ಸಿದ್ದಿಯನ್ನು, ಅವನು ಕನ್ನಡದಲ್ಲೇ ಮಾತನಾಡಿದರೂ, 'ನೀನು ಯಾವ ದೇಶದವನು?' ಎಂದು ಕೇಳುತ್ತೇವೆ. ಪರಿಶಿಷ್ಟ ಪಂಗಡದ ಮನ್ನಣೆಗಾಗಿ ಅವರು 2003ರವರೆಗೆ ಕಾಯಬೇಕಾಯಿತು.

ಪರದೇಶದಿಂದ ಬಂದವರಲ್ಲಿಯೂ ಬಣ್ಣ ನೋಡಿ ಭೇದವೆಣಿಸುತ್ತೇವೆ. 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಮೃತಪಟ್ಟರು. ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಬಿಳಿಯನೊಬ್ಬನ ತಪ್ಪಿಗೆ ದಾರಿಹೋಕ ಬಿಳಿಯನನ್ನು ನಾವು ಹೀಗೆ ದಂಡಿಸುತ್ತಿದ್ದೆವೇ?

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು 1785ರಲ್ಲಿ ಬರೆದ ಕಾಂಟ್ ಎಂಬ ತತ್ತ್ವಜ್ಞಾನಿಯೇ, ತನ್ನ ಇತರ ಬರಹಗಳಲ್ಲಿ ಆಫ್ರಿಕದ ಜನರನ್ನು ಕೀಳೆಂದು ಬಗೆದಿದ್ದನು. ಧರ್ಮಸಭೆಯೂ ನಿರ್ದೋಷಿಯಲ್ಲ. ಕ್ರೈಸ್ತೇತರರನ್ನು ದಾಸ್ಯಕ್ಕೆ ಒಳಪಡಿಸಲು ಪೋರ್ಚುಗಲ್ಲಿನ ದೊರೆಗೆ 1452ರಲ್ಲಿ ಅನುಮತಿಯಿತ್ತವರು ಜಗದ್ಗುರು ಐದನೆಯ ನಿಕೋಲಾಸರು. ಅಂತಹ ಪತ್ರಗಳು ಕಥೋಲಿಕ ವಿಶ್ವಾಸದ ಅಭಿವ್ಯಕ್ತಿಗಳಲ್ಲವೆಂದು ವ್ಯಾಟಿಕನ್ ಸ್ಪಷ್ಟಪಡಿಸಿದ್ದು 2023ರಲ್ಲಿ. ಉನ್ನತ ತತ್ತ್ವವನ್ನು ಬಾಯಲ್ಲಿ ನುಡಿಯುತ್ತಲೇ ಸಹೋದರನನ್ನು ಹೊರಗಿಡುವುದು ಎಷ್ಟು ಸುಲಭವೆಂಬುದಕ್ಕೆ ಇವೆರಡೂ ಸಾಕ್ಷಿ.

ಹಾಗಾದರೆ ನಾವು ಮಾಡಬೇಕಾದುದೇನು? ಪರರ ಕಲೆಯನ್ನು ಮೆಚ್ಚುವುದು ತಪ್ಪಲ್ಲ. ಕಲಾವಿದನ ಹೆಸರನ್ನು ಹೇಳೋಣ, ಅವನ ಶ್ರಮಕ್ಕೆ ತಕ್ಕ ಬೆಲೆ ಕೊಡೋಣ, ಅವನನ್ನು ನಮ್ಮ ಪಂಕ್ತಿಯಲ್ಲಿ ಕೂರಿಸೋಣ. ಸುಡಾನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ದಾಸಿಯಾಗಿ ಮಾರಲ್ಪಟ್ಟ ಜೋಸೆಫಿನ್ ಬಖಿತರನ್ನು ಧರ್ಮಸಭೆ 2000ದಲ್ಲಿ ಸಂತರ ಸಾಲಿಗೆ ಸೇರಿಸಿತು. ಅವರ ಪ್ರಾರ್ಥನೆಯನ್ನು ಬೇಡುವ ನಾವು, ಅವರದೇ ನಾಡಿನ ವಿದ್ಯಾರ್ಥಿಯೊಬ್ಬ ನಾಳೆ ಬಾಡಿಗೆಗೆ ಕೋಣೆ ಕೇಳಿ ಬಂದರೆ ಏನೆಂದು ಉತ್ತರಿಸುತ್ತೇವೆ? ಈ ಭಾನುವಾರ ಪ್ರತಿ ಕುಟುಂಬವೂ ಇದನ್ನು ಕುರಿತು ಮಾತನಾಡಲಿ.