ಕೇಳದ ಪ್ರಶ್ನೆ, ಬರೆಯದ ಚೀಟಿ

ಮುಂಡರಗಿಯ ಕಡೆಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ವರ್ಷದ ಕೆಳಗೆ ಒಂದು ಸಂಜೆ ಬೆಟಗೇರಿಯ ನಮ್ಮ ಮನೆಗೆ ಬಂದು, ಬಹಳ ಹೊತ್ತು ಮಾತಿಲ್ಲದೆ ಕುಳಿತನು. ಆರು ವಾರದ ಹಿಂದೆ, ಹೆಸರಿನ ಕಾಯಿ ಬಿಡಿಸುವ ಕಾಲದಲ್ಲಿ, ಅವನ ಹೆಂಡತಿಗೆ ಹೊಲದಲ್ಲಿ ಕೊಳಕುಮಂಡಲ ಹಾವು ಕಚ್ಚಿತ್ತು. ಊರವರು ಗಾಡಿ ಮಾಡಿ ಆಕೆಯನ್ನು ಒಂದು ಆಸ್ಪತ್ರೆಗೆ ಒಯ್ದರು. ಅಲ್ಲಿ ಚಿಕಿತ್ಸೆ ಆರಂಭಿಸಿ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ವಿಷನಿರೋಧಕ ಚುಚ್ಚುಮದ್ದು, ಅದರೊಡನೆ ಇನ್ನೂ ಹಲವು ಔಷಧಗಳು. ಐದನೆಯ ದಿನ ಆಕೆ ಬದುಕಿ ಮನೆಗೆ ಬಂದಳು. ಆಮೇಲೆ ತಿಳಿದು ಬಂದ ಸಂಗತಿಯೆಂದರೆ, ಹಾವು ಕಚ್ಚಿದ ದಿನಕ್ಕೆ ಆಕೆಯ ಮುಟ್ಟು ತಪ್ಪಿ ಆಗಲೇ ಒಂದು ವಾರವಾಗಿತ್ತು.

“ಸರ್ರ, ಮನ್ಯಾಗ ಹಿರ್ಯಾರು ತಗಿಸಿಬಿಡೂದ ಚೊಲೋ ಅಂತಾರ್ರಿ. ಅಷ್ಟು ಇಂಜೆಕ್ಷನ್ ಮಾಡ್ಸಿದ ಮ್ಯಾಲ ಕೂಸು ಹೆಂಗ ಹುಟ್ಟತೈತೋ ಏನೋ ಅಂತಾರ. ನೀವೇನ್ ಅಂತೀರಿ?” ಎಂದು ಕೇಳಿದನು.

“ಆಕಿ ಏನಂತಾಳ?” ಎಂದೆನು.

ಅವನು ತಲೆ ತಗ್ಗಿಸಿದನು. “ಆಕೀನ್ನ ಕೇಳಿಲ್ರಿ.”

ನಾನು ಕನ್ನಡ ಕಲಿಸುವವನೇ ಹೊರತು ವೈದ್ಯನಲ್ಲ. ಸ್ತ್ರೀರೋಗ ತಜ್ಞರನ್ನು ಕಾಣುವವರೆಗೆ ಯಾವ ನಿರ್ಧಾರವನ್ನೂ ಮಾಡಬಾರದೆಂದಷ್ಟೇ ಹೇಳಿ ಕಳಿಸಿದೆನು. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಓದಿ, ನಾನು ತಿಳಿದುಕೊಂಡದ್ದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಏಕೆಂದರೆ ಇದು ಒಂದೇ ಮನೆಯ ಪ್ರಶ್ನೆಯಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊಲಗಳಲ್ಲಿ ಬಗ್ಗಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಹಾವಾಗಲಿ, ಹುಚ್ಚುನಾಯಿಯಾಗಲಿ, ಜ್ವರವಾಗಲಿ, ಆಕೆಯ ತಿಂಗಳ ಲೆಕ್ಕವನ್ನು ನೋಡಿಕೊಂಡು ಬರುವುದಿಲ್ಲವಷ್ಟೆ.

ಮೊದಲು ಆ ಹಿರಿಯರ ಭಯದ ಬೇರನ್ನು ನೋಡೋಣ. ಅದು ಪೂರ್ತಿ ಪೊಳ್ಳಾದುದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಔಷಧ ಮಾರಾಟಕ್ಕೆ ಬಂದಿತು. ಅತ್ಯಂತ ನಿರಪಾಯಕರವೆಂದು ಹೊಗಳಿಸಿಕೊಂಡ ಆ ಗುಳಿಗೆಯನ್ನು ಬಸುರಿಯರು ವಾಕರಿಕೆಗೂ ನುಂಗಿದರು. ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ, ಹ್ಯಾಂಬುರ್ಗಿನ ವೈದ್ಯ ವಿಡುಕಿಂಡ್ ಲೆಂಟ್ಸ್ ಅವರ ಎಚ್ಚರಿಕೆಯಿಂದ 1961ರ ನವೆಂಬರಿನಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಬಹುಪಾಲು ಹೆಂಗಸರಿಗೆ ತಾವು ಗರ್ಭಿಣಿಯರೆಂಬುದು ಆಗತಾನೆ ತಿಳಿಯುವ, ಅಥವಾ ಇನ್ನೂ ತಿಳಿಯದ ವಾರಗಳಲ್ಲಿಯೇ ಆ ಔಷಧ ತನ್ನ ಕೆಡುಕನ್ನು ಮಾಡಿ ಮುಗಿಸುತ್ತಿತ್ತು.

ನಮ್ಮ ದೇಶದ ಇತಿಹಾಸವೂ ನಿಷ್ಕಳಂಕವಲ್ಲ. ತಿಂಗಳು ತಪ್ಪಿದಾಕೆ ಬಸುರಿಯೋ ಅಲ್ಲವೋ ಎಂದು ನೋಡಲು ಹೆಚ್ಚು ಪ್ರಮಾಣದ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರೋನ್ ಕೂಡಿದ ಗುಳಿಗೆಗಳನ್ನು, ಇ.ಪಿ. ಫೋರ್ಟ್ ಮುಂತಾದ ಹೆಸರಿನಲ್ಲಿ, ಅಂಗಡಿಗಳಲ್ಲಿ ಕೊಡುತ್ತಿದ್ದ ಕಾಲವೊಂದಿತ್ತು. ಮೂತ್ರಪರೀಕ್ಷೆಯಿಂದ ತಿಳಿಯಬಹುದಾದುದನ್ನು ತಿಳಿಯಲು ಗರ್ಭಕ್ಕೇ ಔಷಧವನ್ನು ಉಣಿಸಿದಂತಾಯಿತು! 1982ರಲ್ಲಿ ಸರಕಾರ ಇದನ್ನು ನಿಷೇಧಿಸಿದರೂ ತಯಾರಕರು ನ್ಯಾಯಾಲಯಗಳಿಗೆ ಹೋದರು. ಮಹಿಳಾ ಸಂಘಟನೆಗಳೂ ವೈದ್ಯರೂ ಹೋರಾಡಿದರು. ಸಾರ್ವಜನಿಕ ವಿಚಾರಣೆಯ ಬಳಿಕ 1988ರಲ್ಲಿ ನಿಷೇಧ ಖಚಿತವಾಯಿತು.

ಹೀಗಿರಲು, ಔಷಧವೆಂದೊಡನೆ ಬಸುರಿಯ ಮನೆಯವರು ಹೆದರುವುದರಲ್ಲಿ ಆಶ್ಚರ್ಯವೇನು? ಆದರೆ ಎಲ್ಲ ಔಷಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಗರ್ಭ ಕಟ್ಟಿದ ಮೊದಲ ಎರಡು ವಾರಗಳಲ್ಲಿ ಹಾನಿ ತಟ್ಟಿದರೆ ಸಾಮಾನ್ಯವಾಗಿ ಗರ್ಭವೇ ನಿಲ್ಲುವುದಿಲ್ಲ. ನಿಂತರೆ ಕುಂದಿಲ್ಲದೆ ಬೆಳೆಯುತ್ತದೆ. ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಅವಯವಗಳು ರೂಪುಗೊಳ್ಳುತ್ತವೆ. ಎಚ್ಚರ ಬೇಕಾದ ಕಾಲ ಮುಖ್ಯವಾಗಿ ಅದು. ಮುಟ್ಟು ತಪ್ಪುವುದೂ ಆ ಕಾಲ ಮೊದಲಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ ಎಂಬುದು ಇಲ್ಲಿಯ ತೊಡಕು. ಯಾವ ಔಷಧವನ್ನೂ ತೆಗೆದುಕೊಳ್ಳದ ತಾಯಂದಿರಿಗೂ ನೂರು ಹೆರಿಗೆಗಳಲ್ಲಿ ಎರಡು ಮೂರು ಮಕ್ಕಳು ಯಾವುದಾದರೊಂದು ದೊಡ್ಡ ಅಂಗದೋಷದಿಂದ ಹುಟ್ಟುವುದುಂಟು. ಔಷಧವನ್ನು ದೂರುವ ಮೊದಲು ಈ ಲೆಕ್ಕ ನೆನಪಿರಬೇಕು.

ಇನ್ನು ತುರ್ತಿನ ಔಷಧಗಳ ಮಾತು. ಹಾವು ಕಚ್ಚಿ ವಿಷವೇರಿದಾಗ, ಬಸಿರೆಂಬ ಕಾರಣಕ್ಕೆ ವಿಷನಿರೋಧಕವನ್ನು ತಡೆಹಿಡಿಯಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನ. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಕೆಡಿಸುತ್ತದೆ. ತಾಯಿಗೆ ರಕ್ತಸ್ರಾವವಾದರೆ ಗರ್ಭ ಉಳಿಯುವುದೆಲ್ಲಿ? ಕೂಸಿಗೆ ದೊಡ್ಡ ಅಪಾಯ ವಿಷದಿಂದಲೇ. ಹುಚ್ಚುನಾಯಿ ಕಚ್ಚಿದಾಗಲೂ ಹಾಗೆಯೇ: ರೇಬೀಸಿನ ಲಸಿಕೆಗಾಗಲಿ, ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್‌ಗಾಗಲಿ ಬಸಿರು ಅಡ್ಡಿಯಲ್ಲ, ಆ ರೋಗ ಹತ್ತಿದ ಮೇಲೆ ಬದುಕಿದವರು ಇಲ್ಲವೆಂಬಷ್ಟು ಅಪರೂಪ. ಮಲೇರಿಯಾ ಚಿಕಿತ್ಸೆಯಲ್ಲಿ ಮೊದಲ ಮೂರು ತಿಂಗಳಿಗೆ ದೂರವಿಟ್ಟಿದ್ದ ಆರ್ಟಿಮೆಥರ್-ಲ್ಯುಮೆಫ್ಯಾಂಟ್ರಿನ್ ಔಷಧವನ್ನು, ಅನುಭವ ಬೆಳೆದಂತೆ, 2022ರಲ್ಲಿ ಅದೇ ಸಂಸ್ಥೆ ಆ ತಿಂಗಳುಗಳಿಗೂ ಒಪ್ಪಿತು. ತಾಯಿ ಉಳಿದರೆ ತಾನೆ ಕೂಸು?

ಭಯಕ್ಕೆ ಗಾಳಿಯೂದುವವರು ನಮ್ಮ ಹಳ್ಳಿಗಳಲ್ಲಿ ಮಾತ್ರ ಇರುವರೆಂದು ತಿಳಿಯಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು, ಬಸುರಿಯರು ಪ್ಯಾರಾಸಿಟಮಾಲ್ ನುಂಗುವುದಕ್ಕೂ ಮಕ್ಕಳ ಆಟಿಸಂಗೂ ನಂಟು ಹಚ್ಚಿ ಮಾತನಾಡಿದರು. ಅಂಥ ನಂಟಿಗೆ ಖಚಿತ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎರಡೇ ದಿನದಲ್ಲಿ ಹೇಳಿತು. ಅದಕ್ಕೂ ಮೊದಲು, 2024ರಲ್ಲಿ, ಸ್ವೀಡನ್ನಿನ ಸುಮಾರು 24 ಲಕ್ಷ 80 ಸಾವಿರ ಮಕ್ಕಳ ದಾಖಲೆಗಳನ್ನು ನೋಡಿದ ಸಂಶೋಧಕರು ಒಡಹುಟ್ಟಿದವರನ್ನು ಹೋಲಿಸಿದಾಗ ಆ ನಂಟು ಕಾಣಲಿಲ್ಲ. ಆದರೆ ಮಾತು ಹೊರಬಿದ್ದಾಗಿತ್ತು. ಗುಳಿಗೆಗೆ ಹೆದರಿ ಸುಡುವ ಜ್ವರವನ್ನು ಸಹಿಸಿಕೊಂಡರೆ, ಆ ಜ್ವರವೇ ಎಳೆಯ ಗರ್ಭಕ್ಕೆ ಕೆಡುಕಾದೀತೆಂಬುದನ್ನು ಆಕೆಗೆ ಹೇಳುವವರಾರು?

ಇಷ್ಟು ಹೇಳಿದ ಮಾತ್ರಕ್ಕೆ ತುರ್ತಿನಲ್ಲಿ ಏನು ಕೊಟ್ಟರೂ ಸರಿಯೆಂದಲ್ಲ. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧವನ್ನು ಬಸಿರಿನಲ್ಲಿ ಸೇವಿಸುತ್ತಿದ್ದ ತಾಯಂದಿರ ಮಕ್ಕಳಲ್ಲಿ ಹತ್ತಕ್ಕೆ ಒಂದರಷ್ಟು ದೊಡ್ಡ ಅಂಗದೋಷಗಳು ಕಂಡಿವೆ. ಲೆವೆಟಿರಾಸಿಟಮ್‌ನಂಥ ಬೇರೆ ಔಷಧ ಕಪಾಟಿನಲ್ಲಿರುವಾಗ ಅದನ್ನು ಆರಿಸಲು ವೈದ್ಯರಿಗೆ ಒಂದು ಸಂಗತಿ ತಿಳಿದಿರಬೇಕು: ಎದುರಿಗಿರುವಾಕೆ ಬಸುರಿಯಾಗಿರಬಹುದೆ? ಕಪ್ಪತಗುಡ್ಡದ ಬೇರು, ಸೊಪ್ಪುಗಳ ಮದ್ದನ್ನು ಕುಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ; ಗುಡ್ಡದಲ್ಲಿ ಬೆಳೆದದ್ದೆಂಬ ಮಾತ್ರಕ್ಕೆ ಅದು ಗರ್ಭಕ್ಕೆ ಸೌಮ್ಯವೆಂದು ತಿಳಿಯಬಾರದು.

ಇಲ್ಲಿ ವಿಷಯ ನನ್ನ ಕಸುಬಿನ ಅಂಗಳಕ್ಕೆ ಬರುತ್ತದೆ. ಆ ದಿನ ಆಸ್ಪತ್ರೆಯಲ್ಲಿ ಆಕೆಯನ್ನು ಯಾರೂ ಕೇಳಲಿಲ್ಲವೆ? ಕೇಳಿದ್ದರಂತೆ. ಮಾವ, ಮೈದುನ, ಊರ ಹತ್ತು ಜನ ಸುತ್ತ ನಿಂತಿರುವಾಗ “ಪ್ರೆಗ್ನೆಂಟ್ ಇದ್ದೀರೇನು?” ಎಂದು ಒಬ್ಬರು ಕೂಗಿ ಕೇಳಿದರು. ತನಗೇ ಖಾತ್ರಿಯಿಲ್ಲದ ಮಾತನ್ನು, ಗಂಡನಿಗೂ ಇನ್ನೂ ಹೇಳದ ಮಾತನ್ನು, ಆಕೆ ಅಷ್ಟು ಜನರೆದುರು ಹೇಗೆ ಆಡಿಯಾಳು? ಇಲ್ಲವೆಂದು ತಲೆಯಾಡಿಸಿದಳು. ಬಸುರಿಯೇ ಎಂದು ಕೇಳುವುದು ಬೇರೆ, “ಕಡೇ ಸಲ ಹೊರಗಾದದ್ದು ಯಾವಾಗವ್ವಾ?” ಎಂದು ಹತ್ತಿರ ಬಾಗಿ, ಹೆಣ್ಣುಮಗಳೊಬ್ಬಳು ಮೆಲ್ಲಗೆ ಕೇಳುವುದು ಬೇರೆ. ಮೊದಲನೆಯದಕ್ಕೆ ಹೌದು, ಅಲ್ಲ ಎಂಬೆರಡೇ ಉತ್ತರ. ಎರಡನೆಯದಕ್ಕೆ ಅಮಾವಾಸ್ಯೆಯನ್ನೋ ಹಬ್ಬವನ್ನೋ ಹಿಡಿದು ಲೆಕ್ಕ ಹೇಳದ ಹೆಂಗಸು ಈ ನಾಡಿನಲ್ಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ವಿಷವೈದ್ಯವನ್ನು ಕುರಿತು “ಖಗೇಂದ್ರಮಣಿದರ್ಪಣ”ವನ್ನು ರಚಿಸಿದ ಭಾಷೆ ನಮ್ಮದು. ಅದರಲ್ಲಿ ಈ ಒಂದು ಪ್ರಶ್ನೆಯನ್ನು ಮರ್ಯಾದೆಯಿಂದ ಕೇಳಲು ಮಾತಿಲ್ಲವೆ? ಚುಚ್ಚುಮದ್ದು ಇದಕ್ಕಾಗಿ ಕಾಯಬೇಕಾಗಿಲ್ಲ. ಅದು ಏರುತ್ತಿರುವಾಗಲೇ ಕೇಳಬಹುದು, ಮೂತ್ರವನ್ನೂ ಪರೀಕ್ಷಿಸಬಹುದು.

ಎರಡನೆಯ ಕೊರತೆ ಚೀಟಿಯದು. ತಜ್ಞರ ಬಳಿಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಏನೇನು ಕೊಟ್ಟಿದ್ದಾರೆ?” ಎಂಬುದು. ಮನೆಯಲ್ಲಿ ಔಷಧದಂಗಡಿಯ ಒಂದು ಬಿಲ್ಲಿನ ಹೊರತು ಏನೂ ಇರಲಿಲ್ಲ. ನನ್ನ ವಿದ್ಯಾರ್ಥಿ ಎರಡೂ ಆಸ್ಪತ್ರೆಗಳಿಗೆ ಮೂರು ದಿನ ಅಲೆದು ಹೆಸರುಗಳನ್ನು ಬರೆಸಿಕೊಂಡು ತಂದನು. ಆ ಮೂರು ದಿನ ಒಂದು ಗರ್ಭದ ಅಳಿವು ಉಳಿವು ಒಂದು ಕಾಣದ ಹಾಳೆಯ ಮೇಲೆ ನಿಂತಿತ್ತು. ಪಟ್ಟಿಯನ್ನು ನೋಡಿದ ತಜ್ಞರು, ಇವುಗಳಲ್ಲಿ ಯಾವುದರ ಸಲುವಾಗಿಯೂ ಗರ್ಭವನ್ನು ತೆಗೆಸಬೇಕಾದ ಕಾರಣವಿಲ್ಲವೆಂದೂ, ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಅವಯವಗಳನ್ನು ನೋಡೋಣವೆಂದೂ ಹೇಳಿದರು.

2024ರಲ್ಲಿ ನಮ್ಮ ರಾಜ್ಯ ಸರಕಾರ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವನ್ನಾಗಿ ಸಾರಿತು. ಖಾಸಗಿ ಆಸ್ಪತ್ರೆಗಳೂ ಇದರಿಂದ ಹೊರತಲ್ಲ. ಇದು ಮೆಚ್ಚತಕ್ಕ ಕೆಲಸ. ಸರಕಾರಕ್ಕೆ ಹೋಗುವ ಕಾಗದದಷ್ಟೇ ರೋಗಿಯ ಕೈಗೆ ಬರುವ ಕಾಗದವೂ ಮುಖ್ಯವೆಂಬುದನ್ನು ಅದರೊಡನೆ ಮನಗಾಣಬೇಕು. ಔಷಧದ ಹೆಸರು, ಪ್ರಮಾಣ, ಕೊಟ್ಟ ದಿನ, ಕೊನೆಯ ಮುಟ್ಟಿನ ದಿನ: ನಾಲ್ಕೇ ಸಾಲು. ಮುಂದೆ ಆಕೆ ಬಸುರಿಯೆಂದು ತಿಳಿದರೆ ಆಶಾ ಕಾರ್ಯಕರ್ತೆ ಆ ಚೀಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಟ್ಟರಾಯಿತು.

ಕಡೆಯ ಮಾತು ಆ ಮನೆಯ ಹಿರಿಯರಿಗೆ. 1971ರ ಗರ್ಭಪಾತ ಕಾಯಿದೆ ಪ್ರಾಪ್ತ ವಯಸ್ಸಿನ ಹೆಣ್ಣುಮಗಳ ಒಪ್ಪಿಗೆಯಿಲ್ಲದೆ ಗರ್ಭವನ್ನು ತೆಗೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಬೇಡವೆನ್ನುವ ಹಕ್ಕೂ ಆಕೆಯದು, ಬೇಕೆನ್ನುವ ಹಕ್ಕೂ ಆಕೆಯದು. ಎರಡಕ್ಕೂ ಆಧಾರ ನಿಜವಾದ ತಿಳಿವಳಿಕೆಯಾಗಿರಬೇಕು, ಗಾಳಿಮಾತಲ್ಲ. ಆಸ್ಪತ್ರೆಯಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ, ಆಕೆಯನ್ನು ಸರಿಯಾಗಿ ಕೇಳದೆ ಹೋದೆವು. ಮೂರನೆಯ ಸಲ ಗಂಡನೇ ಕೇಳಿದನು. “ಇರಲಿ” ಎಂದಳಂತೆ.

ಆ ಕೂಸಿಗೆ ಈಗ ವರ್ಷ ತುಂಬಿದೆ. ಒಂದು ಕೂಸು ನೆಟ್ಟಗೆ ಹುಟ್ಟಿತೆಂಬುದು ಯಾವ ಔಷಧದ ಪರವಾಗಿಯೂ ಸಾಕ್ಷಿಯಾಗದೆಂಬುದನ್ನು ನಾನು ಬಲ್ಲೆ. ಆದರೆ ಒಂದು ಚೀಟಿ ಸಿಗದೆ ಹೋಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲವೇನೋ ಎಂಬುದನ್ನೂ ಬಲ್ಲೆ. ಇನ್ನೊಂದು ಹೆಸರಿನ ಸುಗ್ಗಿ ಬರುತ್ತದೆ. ಹೊಲದಲ್ಲಿ ಹಾವುಗಳೂ ಇರುತ್ತವೆ, ಎರಡು ಜೀವದವರೂ ಇರುತ್ತಾರೆ. ಅಷ್ಟರೊಳಗೆ ನಮ್ಮ ಆಸ್ಪತ್ರೆಗಳು ಆ ಪ್ರಶ್ನೆಯನ್ನು ಕೇಳಲು, ಆ ನಾಲ್ಕು ಸಾಲು ಬರೆಯಲು ಕಲಿಯಲಿ.