ವೃಂದಗಾನ ಕೀಳೆಂಬ ಮಾತು ಸಲ್ಲದು

ಸಂಗೀತದ ವಿಷಯದಲ್ಲಿ ನಮ್ಮ ಸುಶಿಕ್ಷಿತ ಸಮಾಜದೊಳಗೆ ಎರಡು ಅಭಿಪ್ರಾಯಗಳು ಬಹುಕಾಲದಿಂದ ಬೇರೂರಿವೆ. ಒಬ್ಬ ಗವಾಯಿಯು ತಂಬೂರಿಯ ಶ್ರುತಿಯಲ್ಲಿ ತನ್ಮಯನಾಗಿ ರಾಗವನ್ನು ಬೆಳೆಸುವುದೊಂದೇ ಶಾಸ್ತ್ರೀಯ ಸಂಗೀತ. ಹತ್ತಾರು ಜನ ಕೂಡಿ ಹಾಡುವುದು ಭಕ್ತಿಯಿರಬಹುದು, ಕಲೆಯಲ್ಲ ಎಂಬುದು ಮೊದಲನೆಯದು. ಪಾಶ್ಚಾತ್ಯರ ಶಾಸ್ತ್ರೀಯ ಸಂಗೀತವೆಂಬುದು ಬರೀ ಗದ್ದಲ, ಅವರ ಆಪೆರಾ ಎಂಬುದು ಕಿರುಚಾಟ, ಅವರ ವೃಂದಗಾನವು ಚರ್ಚಿನ ಪ್ರಾರ್ಥನೆ, ನಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಎರಡನೆಯದು. ಈ ಎರಡೂ ಮಾತುಗಳು ಒಂದೇ ಬೇರಿನಿಂದ ಹುಟ್ಟಿದವು. ಆ ಬೇರೆಂದರೆ ಕೇಳದೆಯೇ ತೀರ್ಪು ಕೊಡುವ ಚಾಳಿ. ಅದನ್ನು ಕೀಳಲೇಬೇಕು.

ಇದು ಬಿಡುವುಳ್ಳ ರಸಿಕರ ಹರಟೆಯ ವಿಷಯವಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದವರಾರೂ ಸಂಜೆಯ ಸಾಮೂಹಿಕ ಪ್ರಾರ್ಥನೆಯನ್ನು ಮರೆತಿರಲಾರರು. ನೂರಾರು ಮಕ್ಕಳ ಕೊರಳು ಒಂದಾಗಿ ಏಳುವ ಆ ನಾದವು ನಮ್ಮಲ್ಲಿ ಅನೇಕರ ಪಾಲಿಗೆ ಮೊದಲ ಸಂಗೀತಪಾಠವಾಗಿತ್ತು. ಇಂದು ಎಷ್ಟೋ ಕಡೆ ಆ ಸ್ಥಾನವನ್ನು ಧ್ವನಿವರ್ಧಕದೊಳಗಿನ ಮುದ್ರಿತ ಗಾಯನವು ಆಕ್ರಮಿಸಿದೆ; ಮಕ್ಕಳು ಕೈಮುಗಿದು ಸುಮ್ಮನೆ ನಿಲ್ಲುತ್ತಾರೆ. ಇನ್ನೊಂದೆಡೆ ದೂರದರ್ಶನ ವಾಹಿನಿಗಳ ಸ್ಪರ್ಧೆಗಳು ಪ್ರತಿಯೊಂದು ಮಗುವಿಗೂ ಒಂಟಿಯಾಗಿ ಹಾಡಿ ಇತರರನ್ನು ಸೋಲಿಸುವ ಪಾಠವನ್ನು ಹೇಳಿಕೊಡುತ್ತಿವೆ. ಕೂಡಿ ಹಾಡುವುದು ಕಲೆಯಲ್ಲವೆಂದು ನಂಬಿದ ಸಮಾಜಕ್ಕೆ ಅದು ಕಣ್ಣೆದುರೇ ಅಳಿದುಹೋದರೂ ನಷ್ಟವೆನಿಸುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಕೂಡಿ ಹಾಡುವುದನ್ನು ಮಹಾವಿದ್ಯೆಯಾಗಿ ಬೆಳೆಸಿದ ಜನರ ಸಾಧನೆಯನ್ನು ನಾವು ಅರಿಯಬೇಕೆನ್ನುವುದು ಈ ಕಾರಣಕ್ಕಾಗಿಯೇ.

ಮೊದಲು ಆ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಹಾಡುತ್ತಾರೆ. ಪಾಶ್ಚಾತ್ಯ ವೃಂದಗಾನದಲ್ಲಿ ಸಾಮಾನ್ಯವಾಗಿ ಕಂಠಗಳನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸುತ್ತಾರೆ: ಎತ್ತರದ ಸ್ತ್ರೀಕಂಠ ಸೊಪ್ರಾನೊ, ತಗ್ಗಿನ ಸ್ತ್ರೀಕಂಠ ಆಲ್ಟೊ, ಎತ್ತರದ ಪುರುಷಕಂಠ ಟೆನರ್, ಮಂದ್ರದ ಪುರುಷಕಂಠ ಬೇಸ್. ಈ ನಾಲ್ಕೂ ಪಂಗಡಗಳು ಏಕಕಾಲದಲ್ಲಿ ನಾಲ್ಕು ಬೇರೆ ಬೇರೆ ಧಾಟಿಗಳನ್ನು ಹಾಡುತ್ತವೆ. ಆದರೆ ಕಿವಿಗೆ ಬೀಳುವುದು ಒಂದೇ ಸೌಧ. ಪಕ್ಕದವನು ಬೇರೊಂದು ಸ್ವರವನ್ನು ಹಿಡಿದಿರುವಾಗ ತನ್ನ ಸ್ವರದಿಂದ ಕದಲದಿರುವುದು, ಹಾಗಿದ್ದೂ ಅವನ ದನಿಯನ್ನು ಆಲಿಸುತ್ತಲೇ ಇರುವುದು, ತನ್ನ ದನಿ ಮೇಲೇಳದಂತೆ ಹತ್ತಿಕ್ಕಿಕೊಳ್ಳುವುದು ಸುಲಭದ ಕೆಲಸವೆಂದು ಬಗೆದವರು ಒಂದು ಸಲ ಪ್ರಯತ್ನಿಸಿ ನೋಡಲಿ. ಏಕವ್ಯಕ್ತಿ ಗಾಯನದಲ್ಲಿ ಗಾಯಕನು ತನ್ನನ್ನು ತೋರಬೇಕು. ಇಲ್ಲಿ ತನ್ನನ್ನು ಮರೆಸಬೇಕು. ಎರಡೂ ತಪಸ್ಸೇ.

ಇಟಲಿಯ ವೆನಿಸ್ ನಗರದಲ್ಲಿ ಅನಾಥರಿಗೂ ರೋಗಿಗಳಿಗೂ ಆಶ್ರಯವಿತ್ತ ನಾಲ್ಕು ಧರ್ಮಸಂಸ್ಥೆಗಳು ಸಂಗೀತಶಿಕ್ಷಣಕ್ಕಾಗಿ ಯುರೋಪಿನಲ್ಲೆಲ್ಲ ಹೆಸರಾಗಿದ್ದವು. ಅವುಗಳಲ್ಲೊಂದಾದ ಪಿಯೆತಾ ಎಂಬ ಶಿಶುನಿಲಯಕ್ಕೆ 1703ರಲ್ಲಿ ಆಂಟೋನಿಯೊ ವಿವಾಲ್ಡಿ ಎಂಬ ಪಾದ್ರಿಯು ವಯೊಲಿನ್ ಶಿಕ್ಷಕನಾಗಿ ಬಂದನು. ತಂದೆತಾಯಿ ತೊರೆದುಹೋದ ಹೆಣ್ಣುಮಕ್ಕಳು ಅಲ್ಲಿ ಹಾಡುಗಾರ್ತಿಯರೂ ವಾದಕಿಯರೂ ಆಗಿ ಸಿದ್ಧರಾದರು. ಅವರು ಜಾಲರಿಯ ಮರೆಯಲ್ಲಿ ನಿಂತು ಹಾಡುತ್ತಿದ್ದರು. ಕೇಳುಗರಿಗೆ ಮುಖ ಕಾಣುತ್ತಿರಲಿಲ್ಲ, ನಾದವೊಂದೇ ಕೇಳುತ್ತಿತ್ತು. ಮನೆತನದ ಹೆಸರೇ ಇಲ್ಲದ ಅನ್ನಾ ಮರಿಯಾ ಎಂಬ ಅನಾಥೆಯು ‘ವಯೊಲಿನ್ನಿನ ಅನ್ನಾ ಮರಿಯಾ’ ಎಂದೇ ಪ್ರಖ್ಯಾತಳಾದಳು. ವಿವಾಲ್ಡಿಯ ‘ಗ್ಲೋರಿಯಾ’ ಎಂಬ ವೃಂದಕೃತಿಯು ಈ ಮಕ್ಕಳಿಗಾಗಿಯೇ ರಚಿತವಾದದ್ದೆಂದು ವಿದ್ವಾಂಸರು ಭಾವಿಸುತ್ತಾರೆ. 1741ರಲ್ಲಿ ಆತ ತೀರಿಕೊಂಡ ತರುವಾಯ ಆ ಕೃತಿಯು ಮರವೆಗೆ ಸಂದು, 1939ರಲ್ಲಿ ಇಟಲಿಯ ಸಿಯೆನಾ ನಗರದಲ್ಲಿ ಮರುಹುಟ್ಟು ಪಡೆಯಿತು.

ಈ ವೃತ್ತಾಂತವನ್ನು ಓದುವಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮವು ನಮ್ಮ ಕಣ್ಮುಂದೆ ನಿಲ್ಲುವುದಿಲ್ಲವೇ? ದೃಷ್ಟಿವಿಹೀನರಾದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯೋತ್ತಮರಾದ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಅನಾಥರಿಗೆ ಅನ್ನವಿಟ್ಟು ನಾದವನ್ನು ಧಾರೆಯೆರೆದ ಕಥೆಯು ನಾಡಿಗೆಲ್ಲ ತಿಳಿದದ್ದು. ದೇಶಕಾಲಗಳು ಬೇರೆ, ಮತ ಬೇರೆ, ಪದ್ಧತಿ ಬೇರೆ. ಆದರೆ ಜಗತ್ತು ಕೈಬಿಟ್ಟ ಮಗುವಿನ ಕೊರಳಲ್ಲಿಯೂ ವಿದ್ಯೆ ಅಡಗಿದೆ ಎಂಬ ನಂಬಿಕೆ ಒಂದೇ. ಪಿಯೆತಾದ ಸಂಗೀತವು ನಮಗೆ ಪರಕೀಯವೆನ್ನುವವರು ಈ ನಂಬಿಕೆಯನ್ನೂ ಪರಕೀಯವೆನ್ನುವರೇ?

ಸಂಗೀತವು ದಾಸೋಹಕ್ಕೆ ಒದಗಿದ ಇನ್ನೊಂದು ನಿದರ್ಶನವುಂಟು. ಹ್ಯಾಂಡೆಲನ ‘ಮೆಸ್ಸಾಯ’ ಕೃತಿಯು 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಮೊದಲ ಬಾರಿಗೆ ಪ್ರಯೋಗವಾಯಿತು. ಅಲ್ಲಿಯ ಎರಡು ದೊಡ್ಡ ಚರ್ಚುಗಳ ಗಾಯಕವೃಂದಗಳು ಕೂಡಿ ಹಾಡಿದವು. ಬಂದ ಹಣವನ್ನು ಎರಡು ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಸೆರೆಮನೆ ಸೇರಿದ್ದವರ ವಿಮೋಚನೆಗೂ ಹಂಚಲಾಯಿತು. 142 ಜನ ಸಾಲಗಾರ ಕೈದಿಗಳು ಹೊರಬಂದರು. ಒಂದು ದಿನದ ಗಾಯನದಿಂದ ಇಷ್ಟು ಜನರ ಬಂಧನ ಹರಿದಿರುವಾಗ ಅದನ್ನು ‘ಗದ್ದಲ’ವೆಂದು ಕರೆಯಲು ನಾಲಗೆ ಏಳಬಾರದು.

ವೃಂದಗಾನಕ್ಕೆ ಶಿಕ್ಷಣವೇ ಬೇಡವೆನ್ನುವವರು ಜರ್ಮನಿಯ ಲೈಪ್‌ಜಿಗ್ ನಗರದ ಕಡೆ ನೋಡಬೇಕು. ಅಲ್ಲಿಯ ಸಂತ ಥಾಮಸ್ ಚರ್ಚಿನ ಬಾಲಗಾಯಕವೃಂದವು 1212ರಷ್ಟು ಹಿಂದೆ ಸ್ಥಾಪಿತವಾದದ್ದು, ಇಂದಿಗೂ ಹಾಡುತ್ತಿರುವಂಥದು. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ ಅದರ ಗುರುವಾಗಿದ್ದನು. 1730ರಲ್ಲಿ ಅವನು ನಗರಸಭೆಗೆ ಸಲ್ಲಿಸಿದ ಒಂದು ಮನವಿಪತ್ರ ಉಳಿದುಬಂದಿದೆ. ಒಂದು ವೃಂದಕ್ಕೆ ಕನಿಷ್ಠ 12 ಗಾಯಕರು ಬೇಕು, 16 ಆದರೆ ಲೇಸು ಎಂದು ಹೇಳಿ, ತನ್ನ ವಿದ್ಯಾರ್ಥಿಗಳಲ್ಲಿ 17 ಮಂದಿ ಹಾಡಬಲ್ಲವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಯಾವುದಕ್ಕೂ ಬಾರದವರು ಎಂದು ಅವನು ನಿರ್ದಾಕ್ಷಿಣ್ಯವಾಗಿ ಲೆಕ್ಕ ಒಪ್ಪಿಸಿದ್ದಾನೆ. ಗುಂಪಿನಲ್ಲಿ ಯಾರು ಹೇಗೆ ಹಾಡಿದರೂ ನಡೆಯುತ್ತದೆ ಎಂಬ ನಮ್ಮ ಔದಾಸೀನ್ಯವೆಲ್ಲಿ, ಒಂದೊಂದು ಕಂಠವನ್ನೂ ತೂಗಿ ನೋಡಿದ ಆ ಗುರುವಿನ ನಿಷ್ಠೆಯೆಲ್ಲಿ! ಇಂಥ ಮಕ್ಕಳನ್ನು ಕಟ್ಟಿಕೊಂಡೇ ಆತ 1727ರಲ್ಲಿ ಎರಡು ವೃಂದಗಳೂ ಎರಡು ವಾದ್ಯಮೇಳಗಳೂ ಎದುರುಬದುರಾಗಿ ಸಂವಾದಿಸುವ ‘ಸಂತ ಮತ್ತಾಯನ ಪ್ಯಾಷನ್’ ಎಂಬ ಮಹಾಕೃತಿಯನ್ನು ಹಾಡಿಸಿದನು. ಅವನ ಮರಣಾನಂತರ ಅದನ್ನು ಜಗತ್ತು ಬಹುಮಟ್ಟಿಗೆ ಮರೆತೇಬಿಟ್ಟಿತು. 1829ರಲ್ಲಿ, ಇಪ್ಪತ್ತರ ಹರೆಯದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸಿದಾಗ ಬಾಖನ ಕೀರ್ತಿಗೆ ಮರುಜನ್ಮ ದೊರೆಯಿತು. ಹಾಡುವ ಕೊರಳುಗಳಿಲ್ಲದಿದ್ದರೆ ಮಹಾಕೃತಿಯೂ ಬರಿಯ ಕಾಗದ.

ಇನ್ನು ಆಪೆರಾದ ಮಾತು. ಕಂಪನಿ ನಾಟಕಗಳ ರಂಗಗೀತೆಗಳಿಗೆ ಇರುಳಿಡೀ ಕಿವಿಗೊಟ್ಟ, ಯಕ್ಷಗಾನವನ್ನೂ ದೊಡ್ಡಾಟವನ್ನೂ ಬೆಳಸಿದ ನಾಡಿನವರಾದ ನಾವು ಆಪೆರಾವನ್ನು ಕಂಡು ಮೂಗು ಮುರಿಯುವುದು ವಿಚಿತ್ರವಲ್ಲವೇ? ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲಿಯೇ ನಡೆಯುವ ನಾಟಕವೇ ಆಪೆರಾ. ಅದರಲ್ಲಿಯೂ ವೃಂದಕ್ಕೆ ದೊಡ್ಡ ಪಾತ್ರವುಂಟು. ವರ್ದಿಯ ‘ನಬುಕ್ಕೊ’ 1842ರಲ್ಲಿ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ಪ್ರಯೋಗಗೊಂಡಿತು. ಬ್ಯಾಬಿಲೋನಿನಲ್ಲಿ ಸೆರೆಯಾಳುಗಳಾದ ಯೆಹೂದ್ಯರು ತಾಯ್ನಾಡನ್ನು ನೆನೆದು ಹಾಡುವ ವೃಂದಗೀತೆಯೊಂದು ಅದರಲ್ಲಿದೆ. ಮೊದಲು ಎಲ್ಲರೂ ಮೆಲುದನಿಯಲ್ಲಿ ಒಂದೇ ಧಾಟಿಯನ್ನು, ನಮ್ಮ ಭಜನೆಯಂತೆಯೇ, ಹಾಡುತ್ತಾರೆ. ನಡುವೆ ಒಮ್ಮೆಲೇ ಕಂಠಗಳು ಬಿರಿದು ಹಲವು ಸ್ವರಗಳಾಗಿ ಹರಡುತ್ತವೆ. ಅಡಗಿಸಿದ ದುಃಖವು ಬಾಯಿಬಿಟ್ಟಂತೆ ಆ ಕ್ಷಣ ಎದೆಯನ್ನು ತಟ್ಟುತ್ತದೆ. 1901ರಲ್ಲಿ ವರ್ದಿ ಗತಿಸಿದಾಗ ಅವನ ದೇಹವನ್ನು, ವೃದ್ಧ ಸಂಗೀತಗಾರರಿಗಾಗಿ ಅವನೇ ಕಟ್ಟಿಸಿದ್ದ ಆಶ್ರಯಧಾಮಕ್ಕೆ ಒಯ್ಯುವ ವೇಳೆ ಟೊಸ್ಕಾನಿನಿಯ ನಿರ್ದೇಶನದಲ್ಲಿ ಎಂಟುನೂರಕ್ಕೂ ಮಿಕ್ಕ ಗಾಯಕರು ಇದೇ ಗೀತೆಯನ್ನು ಹಾಡಿದರು.

ವೃಂದಗಾನದ ಶಕ್ತಿಯು ರಂಗಮಂದಿರಕ್ಕೆ ಮಾತ್ರ ಸೀಮಿತವಾದದ್ದಲ್ಲ. ಬಾಲ್ಟಿಕ್ ಸಮುದ್ರದಂಚಿನ ಎಸ್ಟೋನಿಯಾ ಎಂಬ ಪುಟ್ಟ ದೇಶವನ್ನು ನೋಡಿರಿ. ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗಲೇ, 1869ರಲ್ಲಿ, ಟಾರ್ಟು ನಗರದಲ್ಲಿ ಅವರ ಮೊದಲ ಗಾನೋತ್ಸವ ನೆರವೇರಿತು. ಮುಂದೆ ಸೋವಿಯತ್ ಆಳ್ವಿಕೆಯ ಕಾಲದಲ್ಲಿ, 1960ರ ಉತ್ಸವದಲ್ಲಿ, ಗುಸ್ತಾವ್ ಎರ್ನೆಸಾಕ್ಸ್ ಸ್ವರ ಹಾಕಿದ ನಾಡಗೀತೆಯೊಂದನ್ನು ಕಾರ್ಯಕ್ರಮದಲ್ಲಿ ಸೇರಿಸದಿದ್ದರೂ ಜನರು ತಾವಾಗಿಯೇ ಹಾಡಿದರು. ಒಬ್ಬ ಗಾಯಕನ ಬಾಯಿ ಮುಚ್ಚಿಸಬಹುದು. ಸಹಸ್ರಾರು ಕೊರಳುಗಳನ್ನು ಮುಚ್ಚಿಸುವ ಬಗೆ ಯಾವ ಸರಕಾರಕ್ಕೂ ತಿಳಿಯದು. 1988ರ ಬೇಸಗೆಯಲ್ಲಿ ರಾಜಧಾನಿ ಟಾಲಿನ್ನಿನ ಗಾನಬಯಲಿನಲ್ಲಿ ಇರುಳಿರುಳು ನೆರೆದು ಹಾಡಿದ ಜನ, 1991ರ ಆಗಸ್ಟ್ 20ರಂದು ಸ್ವಾತಂತ್ರ್ಯವನ್ನು ಮರಳಿ ಪಡೆದರು. ಅದಕ್ಕೆ ‘ಹಾಡಿನ ಕ್ರಾಂತಿ’ ಎಂದೇ ಹೆಸರು. ಕೂಡಿ ಹಾಡುವುದು ಕಾಲಹರಣವೆನ್ನುವ ಪಂಡಿತರು ಇದಕ್ಕೆ ಏನನ್ನುವರು?

ಇಷ್ಟಾದರೂ ಆಕ್ಷೇಪಗಳು ನಿಲ್ಲವು. ‘ಭಾಷೆ ತಿಳಿಯದು’ ಎನ್ನುತ್ತಾರೆ. ತ್ಯಾಗರಾಜರ ತೆಲುಗು ಕೃತಿಗಳಿಗೂ ಬ್ರಜಭಾಷೆಯ ಬಂದಿಶುಗಳಿಗೂ ನಮ್ಮ ಜನ ಅರ್ಥ ತಿಳಿದೇ ತಲೆದೂಗುತ್ತಿದ್ದಾರೆಯೇ? ‘ಅನ್ಯಮತದ ಸಂಗೀತ’ ಎನ್ನುತ್ತಾರೆ. ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ ವಿದ್ಯೆ ಕಲಿತರು. ಅದೇ ಕಂಠದಿಂದ ಶರಣರ ವಚನಗಳನ್ನು ಹಾಡಿ ನಮ್ಮನ್ನು ಧನ್ಯರನ್ನಾಗಿಸಿದರು. ನಾದಕ್ಕೆ ಜಾತಿಯನ್ನು ಹಚ್ಚುವವರು ಮನಸೂರರ ಗಾಯನವನ್ನು ಕೇಳುವ ಅಧಿಕಾರವನ್ನೂ ಕಳೆದುಕೊಳ್ಳುತ್ತಾರೆ.

‘ಪರರದನ್ನು ಕೇಳಿದರೆ ನಮ್ಮದು ಕೆಡುತ್ತದೆ’ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ನಮ್ಮ ನಾಡೇ ಉತ್ತರ ಕೊಟ್ಟಿದೆ. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತಸಭೆಯ ಪ್ರಥಮಾಧ್ಯಕ್ಷರು. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು ಧ್ವನಿಮುದ್ರಣಗೊಂಡದ್ದು ಅವರ ಧನಸಹಾಯದಿಂದ. ರಿಚರ್ಡ್ ಸ್ಟ್ರಾಸನ ಅಂತಿಮ ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಅವರ ಬೆಂಬಲದಿಂದಲೇ. ಇದರಿಂದ ಅವರ ಕರ್ನಾಟಕ ಸಂಗೀತ ಕೆಟ್ಟಿತೇ? ಅವರೇ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ, ಕರ್ನಾಟಕ ಪದ್ಧತಿಗಳೆರಡನ್ನೂ ಸಾಧಿಸಿ ‘ಉಭಯಗಾನವಿಶಾರದ’ರೆನಿಸಿದರು. ಎರಡನ್ನು ಅರಗಿಸಿಕೊಂಡ ಪರಂಪರೆಯು ಮೂರನೆಯದನ್ನು ಕೇಳಿದ ಮಾತ್ರಕ್ಕೆ ಮಲಿನವಾದೀತೇ?

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವೃಂದಗಾನವು ನಮ್ಮ ಆಲಾಪದ ಸ್ಥಾನವನ್ನು ತುಂಬಲಾರದು. ಮೀಂಡಿನ ಜಾರು, ಗಮಕದ ಕಂಪನ, ಆ ಕ್ಷಣಕ್ಕೆ ಹೊಳೆಯುವ ಮನೋಧರ್ಮ ಇವು ಒಂಟಿ ಗಾಯಕನ ಸಂಪತ್ತು. ಬರೆದಿಟ್ಟ ಸ್ವರವನ್ನು ನಲವತ್ತು ಜನ ಕೂಡಿ ಹಾಡುವಲ್ಲಿ ಅವುಗಳಿಗೆ ಎಡೆಯಿಲ್ಲ. ಮನಸೂರರ ಬದಲಿಗೆ ಬಾಖನನ್ನು ಕೂರಿಸಿರೆಂದು ಯಾರೂ ಹೇಳುತ್ತಿಲ್ಲ. ಕಣ್ಣಿದೆಯೆಂದು ಕಿವಿಯನ್ನು ಕೊಯ್ದುಕೊಳ್ಳಬೇಡಿರೆಂದಷ್ಟೇ ನಮ್ಮ ವಾದ.

ಹಿಂದೆ ಇವನ್ನು ಕೇಳಬೇಕಾದರೆ ಗ್ರಾಮಾಫೋನು ತಟ್ಟೆಗಳಿಗಾಗಿ ಮಹಾನಗರಗಳನ್ನು ಅಲೆಯಬೇಕಾಗಿತ್ತು. ಇಂದು ಅಂಗೈಯ ಮೊಬೈಲಿನಲ್ಲಿ ಎಲ್ಲವೂ ದೊರೆಯುತ್ತದೆ. ‘ಸಿಗದು’ ಎಂಬ ನೆಪ ಸತ್ತಿದೆ. ‘ಗ್ಲೋರಿಯಾ’ದ ಮೊದಲ ಭಾಗದಿಂದ ಆರಂಭಿಸಿರಿ, ಅದು ಕೆಲವೇ ನಿಮಿಷಗಳದು. ಬಳಿಕ ‘ನಬುಕ್ಕೊ’ದ ಸೆರೆಯಾಳುಗಳ ಗೀತೆ, ‘ಮತ್ತಾಯನ ಪ್ಯಾಷನ್’ನ ಮೊದಲ ವೃಂದ, ಎಸ್ಟೋನಿಯಾದವನೇ ಆದ ಆರ್ವೊ ಪಾರ್ತನ ಶಾಂತಕೃತಿಗಳು. 1981ರಲ್ಲಿ ಸ್ಥಾಪನೆಯಾದ ಎಸ್ಟೋನಿಯನ್ ಫಿಲ್‌ಹಾರ್ಮೋನಿಕ್ ಚೇಂಬರ್ ವೃಂದವು ಪಾರ್ತನನ್ನು ಹಾಡಿರುವ ಬಗೆಯನ್ನು ಏಕಾಂತದಲ್ಲಿ ಕುಳಿತು ಕೇಳತಕ್ಕದ್ದು. ಮೊದಲ ಸಲ ಒಟ್ಟು ನಾದವನ್ನು ಕೇಳಿರಿ. ಎರಡನೆಯ ಸಲ ಮಂದ್ರಕಂಠಗಳನ್ನು ಮಾತ್ರ ಹಿಂಬಾಲಿಸಿರಿ. ತಳಹದಿ ಎಲ್ಲಿದೆಯೆಂಬುದು ಆಗ ತಿಳಿಯುತ್ತದೆ.

ಆದರೆ ಕೇಳಿ ಸುಮ್ಮನಾಗುವುದು ಅರ್ಧ ಕೆಲಸ ಮಾತ್ರ. ಮಠಗಳ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಅಧ್ಯಾಪಕರಿದ್ದಾರೆ, ಆಡಳಿತ ಮಂಡಳಿಗಳ ಸದಸ್ಯರಿದ್ದಾರೆ, ಉಳ್ಳವರೂ ಇದ್ದಾರೆ. ಕಟ್ಟಡಕ್ಕೂ ಕಲ್ಲಿನ ಫಲಕಕ್ಕೂ ದಾನ ಕೊಡುವವರು ಒಂದು ಪ್ರಸಾದನಿಲಯಕ್ಕೆ ಒಬ್ಬ ಸಂಗೀತ ಶಿಕ್ಷಕನನ್ನು ಕೊಡಲಾರರೇ? ಮಕ್ಕಳ ಕಂಠಗಳನ್ನು ಎತ್ತರ-ತಗ್ಗುಗಳಿಗೆ ತಕ್ಕಂತೆ ವಿಂಗಡಿಸಿ, ಶ್ರುತಿ ಹಿಡಿಸಿ, ಒಬ್ಬರ ದನಿಯನ್ನು ಒಬ್ಬರು ಆಲಿಸುವಂತೆ ಕಲಿಸಿದರೆ ಸಂಜೆಯ ಪ್ರಾರ್ಥನೆಯೇ ವೃಂದಗಾನದ ಪಾಠಶಾಲೆಯಾದೀತು. ಅದಕ್ಕೆ ಪರದೇಶದ ಹಾಡು ಬೇಕಿಲ್ಲ. ಪರದೇಶದವರು ತೋರಿದ ಶ್ರದ್ಧೆ ಬೇಕು. ಮೊದಲು ಆ ಧ್ವನಿವರ್ಧಕವನ್ನು ಆರಿಸಿರಿ. ಮಕ್ಕಳು ಹಾಡಲಿ.