ವೀರಗಲ್ಲು ಹೇಳದ ಮಾತು

ದೇಶದ ಗಡಿಯನ್ನು ಕಾಯುವ ಸೈನಿಕನನ್ನು ಗೌರವಿಸದ ಜನಾಂಗವಿಲ್ಲ. ಅವನ ನೆನಪಿಗಾಗಿ ಸ್ಮಾರಕಗಳನ್ನು ನಿಲ್ಲಿಸುತ್ತೇವೆ. ಬೀದಿಗಳಿಗೂ ವೃತ್ತಗಳಿಗೂ ಅವನ ಹೆಸರಿಡುತ್ತೇವೆ. ಇದು ಆಗಬೇಕಾದುದೇ. ಆದರೆ ಗೌರವ ಬೇರೆ, ಅರಿವು ಬೇರೆ. ಅರಿವಿಲ್ಲದ ಗೌರವವು ಹಬ್ಬದ ತೋರಣದಂತೆ ಮರುದಿನವೇ ಬಾಡುತ್ತದೆ. ಸೈನಿಕನನ್ನು ಕುರಿತು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಅವನು ಸೈನ್ಯವನ್ನು ಸೇರುವುದು ಏಕೆ? ಅವನು ಹೋರಾಡುವ ಯುದ್ಧದ ಸಂಗತಿ ನಮಗೆ ತಲುಪುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಗೊತ್ತಿದೆಯೆಂದು ನಾವು ಭಾವಿಸಿದ್ದೇವೆ. ಎರಡನೆಯದನ್ನು ಕೇಳುವುದೇ ಇಲ್ಲ.

‘ದೇಶಪ್ರೇಮದಿಂದ ಸೇರುತ್ತಾನೆ’ ಎಂಬುದು ಮೊದಲ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಕೊಡಗಿನಲ್ಲಿ ಸೈನ್ಯಕ್ಕೆ ಸೇರುವುದು ಮನೆತನದಿಂದ ಮನೆತನಕ್ಕೆ ಹರಿದುಬಂದ ಪರಂಪರೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, 1957ರಿಂದ 1961ರವರೆಗೆ ಸೇನಾಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಆ ನೆಲದಿಂದ ಬಂದವರು. ಅಂಥ ನಾಡಿನಲ್ಲಿ ಬೆಳೆದ ಬಾಲಕನಿಗೆ ಸಮವಸ್ತ್ರವು ಹಿರಿಯರ ಹೆಜ್ಜೆಯಾಗಿ ಕಾಣುತ್ತದೆ.

ಆದರೆ ಎಲ್ಲ ಊರುಗಳೂ ಕೊಡಗಿನ ಊರುಗಳಲ್ಲ. ಸಿಂಧನೂರಿನಿಂದ ಮಾನ್ವಿಯ ಕಡೆಗೆ ಹೋಗುವ ದಾರಿಯಲ್ಲಿ ಜವಳಗೇರಾ ಎಂಬ ಊರಿದೆ. ತುಂಗಭದ್ರಾ ಎಡದಂಡೆಯ ಕಾಲುವೆಯು ಈ ಸೀಮೆಗೆ ಭತ್ತದ ಗದ್ದೆಗಳ ಹಸಿರನ್ನು ತಂದಿತು. ಆದರೆ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಒಂದೇ ಸಮನೆ ಹರಿಯುವುದಿಲ್ಲ. ಕೊನೆಯ ಭಾಗದ ರೈತನು ನೀರಿನ ಸರದಿಯನ್ನು ಕಾಯುತ್ತಲೇ ಇರುತ್ತಾನೆ. ಹೊಲವಿಲ್ಲದವನು ಕೂಲಿಗಾಗಿ ಗುಳೆ ಹೋಗುತ್ತಾನೆ. ಎರಡು ಎಕರೆ ಭೂಮಿ, ಮೂವರು ಗಂಡುಮಕ್ಕಳು ಇರುವ ಮನೆಯೊಂದನ್ನು ಊಹಿಸಿಕೊಳ್ಳೋಣ. ಆ ಮನೆಯ ನಡುವಿನ ಮಗ ನಸುಕಿನಲ್ಲೆದ್ದು ಕಾಲುವೆಯ ಏರಿಯ ಮೇಲೆ ಓಡುವುದನ್ನು ಅಭ್ಯಾಸ ಮಾಡುತ್ತಾನೆ. ಏಕೆಂದರೆ ಸೇನಾ ನೇಮಕಾತಿಯಲ್ಲಿ 1600 ಮೀಟರ್ ದೂರವನ್ನು ಗೊತ್ತಾದ ಅವಧಿಯೊಳಗೆ ಓಡಿ ಮುಗಿಸಬೇಕು. ಅವನ ಎದೆಯಲ್ಲಿ ಏನಿದೆ? ತಿಂಗಳು ತಿಂಗಳು ಬರುವ ಸಂಬಳವಿದೆ, ತಂಗಿಯ ಮದುವೆಯಿದೆ, ‘ಇವನು ಮಿಲಿಟರಿಯವನು’ ಎಂದು ಊರು ಗುರುತಿಸೀತೆಂಬ ಆಸೆಯಿದೆ, ತನ್ನ ಊರಿನಾಚೆಯ ಲೋಕವನ್ನು ನೋಡುವ ಕುತೂಹಲವಿದೆ, ದೇಶಕ್ಕಾಗಿ ಏನನ್ನಾದರೂ ಮಾಡಬೇಕೆಂಬ ಹಂಬಲವೂ ಇದೆ. ಇವುಗಳಲ್ಲಿ ಒಂದನ್ನು ಎತ್ತಿಹಿಡಿದು ಉಳಿದವನ್ನು ಮುಚ್ಚಿಟ್ಟರೆ ಆ ಹುಡುಗನನ್ನು ನಾವು ಅರ್ಧ ಮಾತ್ರ ನೋಡಿದಂತಾಗುತ್ತದೆ.

ಅನ್ನಕ್ಕಾಗಿ ಸೈನ್ಯವನ್ನು ಸೇರಿದನೆಂದರೆ ಅವನ ಶೌರ್ಯಕ್ಕೆ ಕುಂದು ಬರುವುದೆ? ಎಂದಿಗೂ ಇಲ್ಲ. ಕಾಳಗದಲ್ಲಿ ಮಡಿದವನ ಕುಟುಂಬಕ್ಕೆ ಭೂಮಿಯನ್ನು ದಾನವಾಗಿ ಕೊಡುವ ಪದ್ಧತಿ ಕನ್ನಡನಾಡಿನಲ್ಲಿ ಹಿಂದಿನಿಂದಲೂ ಇತ್ತು. ಅದನ್ನು ‘ನೆತ್ತರುಗೊಡಗೆ’ ಎಂದು ಕರೆಯುತ್ತಿದ್ದರು. ನೆತ್ತರಿಗೆ ಪ್ರತಿಯಾಗಿ ನೆಲ! ವೀರನ ಹಿಂದೆ ಒಂದು ಮನೆಯಿದೆ, ಆ ಮನೆಯಲ್ಲಿ ಒಲೆ ಉರಿಯಬೇಕು ಎಂಬುದನ್ನು ನಮ್ಮ ಹಿರಿಯರು ಮರೆಯಲಿಲ್ಲ. ನಾವೇಕೆ ಮರೆಯಬೇಕು? 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಅಗ್ನಿವೀರನ ಸೇವಾವಧಿ ನಾಲ್ಕು ವರ್ಷ. ಆಮೇಲೆ ಕಾಯಂ ಸೇವೆಗೆ ಉಳಿಯುವವರು ಶೇಕಡಾ 25ರಷ್ಟು ಮಂದಿ ಎಂದು ಆಗ ನಿಗದಿಯಾಯಿತು. ಉಳಿದವರು ಇಪ್ಪತ್ತೈದು ವಯಸ್ಸಿನ ಆಸುಪಾಸಿನಲ್ಲಿ ಊರಿಗೆ ಮರಳುವರು. ಅವರ ಮುಂದಿನ ಬದುಕನ್ನು ಕುರಿತ ಚಿಂತನೆಯೂ ಸೈನಿಕಗೌರವದ ಒಂದು ಭಾಗವೇ ಅಲ್ಲವೆ?

ಇನ್ನು ಎರಡನೆಯ ಪ್ರಶ್ನೆ. ಪತ್ರಿಕೆ, ಚಲನಚಿತ್ರ, ದೂರದರ್ಶನಗಳು ಹುಟ್ಟುವ ಮುನ್ನ ಯುದ್ಧದ ಸುದ್ದಿಯನ್ನು ಜನರಿಗೆ ಮುಟ್ಟಿಸುತ್ತಿದ್ದುದು ಕಲ್ಲು. ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಅನೇಕ ಕಲ್ಲುಗಳಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕೊಂಡೊಯ್ಯುವ ದೃಶ್ಯ, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಿಕೊಂಡು ಬರುವಾಗ ಮಡಿದ ಸಾಮಾನ್ಯನಿಗೂ ಇಂಥ ಕಲ್ಲನ್ನು ನಿಲ್ಲಿಸಿದ ನಮ್ಮ ಪೂರ್ವಿಕರ ಕೃತಜ್ಞತೆ ದೊಡ್ಡದು. ಆದರೆ ಕಾಳಗಕ್ಕೂ ಸ್ವರ್ಗಕ್ಕೂ ನಡುವೆ ಆ ಕಲ್ಲು ಬಿಟ್ಟುಬಿಟ್ಟ ಪಟ್ಟಿಕೆಯೊಂದಿದೆ. ಗಾಯಗೊಂಡು ಬಿದ್ದವನ ಬಾಯಾರಿಕೆ, ಕೈಕಾಲು ಕಳೆದುಕೊಂಡು ಬದುಕಿದವನ ಮುಂದಿನ ವರ್ಷಗಳು, ಬಾಗಿಲಲ್ಲಿ ಕಾದು ಕುಳಿತ ತಾಯಿಯ ಮುಖ — ಇವು ಅಲ್ಲಿಲ್ಲ.

ಕಲ್ಲಿನ ಅನಂತರ ಬಂದ ಬರೆಹದಲ್ಲಿಯೂ ಇದೇ ಬಗೆಯ ಕೊರತೆಯನ್ನು ಕಾಣಬಹುದು. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿಗಾಗಿ ಯುದ್ಧ ನಡೆಯಿತು. ಅದರ ವಿವರಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಪೋರ್ಚುಗೀಸ್ ವರ್ತಕ ನುನಿಜ್ ಮುಖ್ಯನು. ಅವನು ವಿಜಯನಗರಕ್ಕೆ ಬಂದುದು ಆ ಯುದ್ಧ ಮುಗಿದು ಹತ್ತು ವರ್ಷಗಳಿಗೂ ಮೀರಿದ ಮೇಲೆ. ರಾಯನ ಪಡೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಾಲಾಳುಗಳಿದ್ದರೆಂಬುದು ಅವನ ಲೆಕ್ಕ. ಈ ಸಂಖ್ಯೆ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಆ ಲಕ್ಷಗಳಲ್ಲಿ ಒಬ್ಬ ಕಾಲಾಳಿನ ಹೆಸರಾದರೂ ನಮಗೆ ತಿಳಿಯದು. ಯುದ್ಧದ ವರದಿಯಲ್ಲಿ ಅರಸನಿಗೆ ಹೆಸರಿರುತ್ತದೆ, ಆಳಿಗೆ ಸಂಖ್ಯೆ ಮಾತ್ರ.

ನಮ್ಮ ಕಾಲದಲ್ಲಿ ಪರಿಸ್ಥಿತಿ ಸುಧಾರಿಸಿದೆಯೆ? ಒಂದು ರೀತಿಯಲ್ಲಿ ಸುಧಾರಿಸಿದೆ. 1999ರ ಕಾರ್ಗಿಲ್ ಯುದ್ಧ ದೂರದರ್ಶನದ ಮೂಲಕ ಭಾರತದ ಮನೆಮನೆಯನ್ನು ಹೊಕ್ಕಿತು. ಅಲ್ಲಿ ಮಡಿದ 527 ಯೋಧರಲ್ಲಿ ಅನೇಕರ ಮುಖಗಳನ್ನೂ ಮನೆಗಳನ್ನೂ ದೇಶ ನೋಡಿತು. ಆದರೆ ಅದೇ ಪರದೆ ಯುದ್ಧವನ್ನು ಆಟವನ್ನಾಗಿಯೂ ಮಾಡಬಲ್ಲುದು. 2025ರ ಮೇ ತಿಂಗಳಿನಲ್ಲಿ ಭಾರತ-ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದಾಗ, ಕರಾಚಿಯ ಬಂದರು ನಾಶವಾಯಿತೆಂದು ಕೆಲವು ವಾಹಿನಿಗಳು ಸಾರಿದುವು. ಆ ಸುದ್ದಿ ಸುಳ್ಳಾಗಿತ್ತು. ಕಂಪ್ಯೂಟರ್ ಆಟಗಳ ದೃಶ್ಯಗಳು ನಿಜವಾದ ಯುದ್ಧದ ದೃಶ್ಯಗಳೆಂಬ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದುವು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಗುಂಡಿನ ಸದ್ದು ಕೇಳದಷ್ಟು ದೂರದಲ್ಲಿ ಕುಳಿತವನಿಗೆ ಯುದ್ಧದಷ್ಟು ರಮ್ಯವಾದ ನೋಟ ಮತ್ತೊಂದಿಲ್ಲ.

ಸುಳ್ಳನ್ನು ಕೂಗಿ ಹೇಳುವುದು ಒಂದು ದೋಷವಾದರೆ, ಸತ್ಯವು ಕೇಳಿಸದೆ ಉಳಿಯುವುದು ಇನ್ನೊಂದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರಗೋಧದ ಮೇಲಿನ ದಾಳಿಯಲ್ಲಿ ಪಾಲ್ಗೊಂಡು ಮರಳಿ ಬರಲಿಲ್ಲ. ತಮ್ಮದಕ್ಕಿಂತ ಬಹು ವೇಗದ ಶತ್ರುವಿಮಾನವೊಂದನ್ನು ಅವರು ಎದುರಿಸಿ ಉರುಳಿಸಿದ್ದರು. ಈ ಸಂಗತಿ ಬೆಳಕಿಗೆ ಬಂದುದು, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ. ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ದೊರೆತುದು 1988ರಲ್ಲಿ. ಅವರ ಸಾಹಸದಿಂದ ಪ್ರೇರಿತವಾದ ಚಲನಚಿತ್ರ ತೆರೆಗೆ ಬಂದುದು 2025ರಲ್ಲಿ. ಗಂಟೆಗೊಂದು ವದಂತಿಯನ್ನು ಹಬ್ಬಿಸಬಲ್ಲ ಲೋಕ, ಒಬ್ಬ ವೀರನ ನಿಜವನ್ನು ಅರಿಯಲು ಎರಡು ದಶಕಗಳನ್ನೇ ತೆಗೆದುಕೊಂಡಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೈನಿಕನ ಬದುಕೆಲ್ಲ ಕಾಳಗವಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2002ರಲ್ಲಿ ಸೇನೆಯನ್ನು ಸೇರಿದರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿಗಳ ಎತ್ತರದಲ್ಲಿ, ಹಿಮಕುಸಿತವು ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಆರು ದಿನಗಳ ಅನಂತರ ಹನುಮಂತಪ್ಪನವರೊಬ್ಬರು ಜೀವಂತವಾಗಿ ದೊರೆತರು; ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರನ್ನು ಕೊಂದುದು ಶತ್ರುವಿನ ಗುಂಡಲ್ಲ, ಹಿಮ. ಕಾವಲು, ಕಾಯುವಿಕೆ, ಚಳಿ, ಮನೆಯ ನೆನಪು — ಸೈನಿಕನ ದಿನಗಳಲ್ಲಿ ಬಹುಪಾಲು ಇವೇ. ಚಲನಚಿತ್ರಗಳು ಇದನ್ನು ತೋರಿಸುವುದು ಅಪರೂಪ. ಏಕೆಂದರೆ ಕಾಯುವವನನ್ನು ನೋಡುತ್ತ ಕುಳಿತುಕೊಳ್ಳುವ ತಾಳ್ಮೆ ಪ್ರೇಕ್ಷಕನಿಗಿಲ್ಲ.

ಯುದ್ಧದ ಕಷ್ಟನಷ್ಟಗಳನ್ನು ಬಿಚ್ಚಿ ಹೇಳಿದರೆ ತರುಣರ ಧೈರ್ಯ ಕುಗ್ಗೀತು ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆ ತರುಣರನ್ನು ಕುರಿತು ಬಹಳ ಕೀಳಾಗಿ ಭಾವಿಸುತ್ತದೆ. ಅಪಾಯವನ್ನು ಅರಿಯದೆ ಮುನ್ನುಗ್ಗುವುದು ಹುಂಬತನ. ಅರಿತೂ ಹೆಜ್ಜೆ ಹಿಂದಿಡದಿರುವುದು ಧೈರ್ಯ. ಯುದ್ಧವನ್ನು ಕಂಡವರೇ ಶಾಂತಿಯ ಬೆಲೆಯನ್ನು ಬಲ್ಲವರು. ಜನರಲ್ ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತ ಮೇಲೆ ಯುದ್ಧಕೈದಿಗಳ ವಾಪಸಾತಿಯ ಆಯೋಗಕ್ಕೆ ಅಧ್ಯಕ್ಷರಾಗಿ ದುಡಿದರು; 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡರು.

ಯುದ್ಧವನ್ನು ಹೇಗೆ ವರದಿ ಮಾಡಬೇಕೆಂಬುದಕ್ಕೆ ಬಹು ಪ್ರಾಚೀನವಾದ ಮಾದರಿಯೊಂದಿದೆ. ಜವಳಗೇರಾದ ಸೀಮೆಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನು ಒಂದು ಬಂಡೆಗಲ್ಲಿನ ಶಾಸನವನ್ನು ಕಂಡುಹಿಡಿದನು. ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಆ ಅಶೋಕನೇ ತನ್ನ ಹದಿಮೂರನೆಯ ಬಂಡೆಗಲ್ಲಿನ ಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕವನ್ನು ಕೊಟ್ಟಿದ್ದಾನೆ: ಸೆರೆಯಾಗಿ ಹೋದವರು ಒಂದೂವರೆ ಲಕ್ಷ, ಕೊಲ್ಲಲ್ಪಟ್ಟವರು ಒಂದು ಲಕ್ಷ, ಬೇರೆ ರೀತಿಯಲ್ಲಿ ಸತ್ತವರು ಅದರ ಹಲವು ಪಟ್ಟು. ಅಷ್ಟಕ್ಕೇ ನಿಲ್ಲದೆ, ತಾವು ಸುರಕ್ಷಿತರಾಗಿದ್ದರೂ ಬಂಧುಮಿತ್ರರಿಗೊದಗಿದ ವಿಪತ್ತಿನಿಂದ ನೊಂದವರನ್ನೂ ಲೆಕ್ಕಕ್ಕೆ ಸೇರಿಸಿದ್ದಾನೆ. ಗೆದ್ದವನೇ ಬರೆಸಿದ ಈ ವರದಿಯಲ್ಲಿ ಜಯಘೋಷವಿಲ್ಲ, ಪಶ್ಚಾತ್ತಾಪವಿದೆ. ಆದರೂ ಕಳಿಂಗದೇಶದ ಧೌಲಿ, ಜೌಗಡಗಳ ಬಂಡೆಗಳಲ್ಲಿ ಈ ಶಾಸನವನ್ನು ಅವನು ಕೆತ್ತಿಸಲಿಲ್ಲವೆಂಬುದನ್ನು ಮರೆಯಬಾರದು. ಸತ್ಯವನ್ನು ಹೇಳಿದ ಅರಸನೂ ಅದನ್ನು ಎಲ್ಲೆಡೆಯೂ ಹೇಳಲಿಲ್ಲ.

ಆದುದರಿಂದ ಯುದ್ಧದ ಸುದ್ದಿಯನ್ನು ಓದುವಾಗ, ನೋಡುವಾಗ, ಅದರಲ್ಲಿ ಏನಿದೆಯೆಂಬುದರ ಜೊತೆಗೆ ಏನಿಲ್ಲವೆಂಬುದನ್ನೂ ಕೇಳಬೇಕು. ಇದನ್ನು ಹೇಳುತ್ತಿರುವವನು ಯಾರು? ಅವನು ಕಂಡುದೆಷ್ಟು, ಕೇಳಿದುದೆಷ್ಟು? ಎರಡೂ ಕಡೆಯ ತಾಯಂದಿರು ಇದರಲ್ಲಿ ಇದ್ದಾರೆಯೆ? ಸೈನ್ಯವನ್ನು ಸೇರಬಯಸುವ ತರುಣನು ಪರದೆಯ ಮೇಲಿನ ನಾಯಕನನ್ನು ನೋಡಿ ಹೊರಡುವ ಬದಲು, ರಜೆಯಲ್ಲಿ ಊರಿಗೆ ಬಂದ ಯೋಧನನ್ನು ಕಂಡು, ಅವನ ಮಾತನ್ನು ಕೇಳಿ ಹೊರಡಲಿ. ಮನೆಯ ಕಷ್ಟವನ್ನು ಬಲ್ಲವನಾಗಿ, ಮುಂದಿನ ಅಪಾಯವನ್ನು ಅರಿತವನಾಗಿ, ದೇಶದ ಕರೆಗೆ ಓಗೊಟ್ಟವನಾಗಿ ಹೋಗುವವನ ಸೇವೆಯೇ ಹಿರಿದು. ಅವನನ್ನು ಕಳುಹಿಸಿಕೊಡುವ ಸಮಾಜದ ಮೇಲೂ ಒಂದು ಹೊಣೆಯಿದೆ: ಅವನ ಪ್ರಾಣವನ್ನು ಪಣಕ್ಕಿಡುವ ಮುನ್ನ ಆ ಪ್ರಾಣದ ಬೆಲೆಯನ್ನು ತಾನು ಅರಿತಿರಬೇಕು.